ಮನೆಯ ಕಿಟಕಿಯ ಹಗ್ಗ



ಈ ಸಂಜೆ ನಾವು ಹೇಳಹೊರಟಿರುವ ವಿಷಯವು ಬಹಳ ಸಣ್ಣದು. ಎಷ್ಟು ಸಣ್ಣದೆಂದರೆ, ಅದರ ದಪ್ಪ ಕಿರುಬೆರಳಿಗಿಂತ ಕಡಮೆ. ಉದ್ದ ಒಂದು ಮಾರು. ಅದು ಒಂದು ಹಗ್ಗ. ಇಂಥ ವಸ್ತುವಿನ ವಿಚಾರವಾಗಿ ವಿದ್ಯಾವಂತರಾದ ನಿಮ್ಮ ಮುಂದೆ ಮಾತನಾಡುವುದು ಉಚಿತವೆ ಎಂದು ನಾವು ಅನುಮಾನಿಸಿದುದುಂಟು. ಆದರೆ ಆ ಹಗ್ಗವು ಹರಿದಾಗ ಅದನ್ನು ಕಟ್ಟಿಸಲು ನಮಗೆ ಹದಿನೆಂಟು ತಿಂಗಳು ಬೇಕಾದುವು. ಆ ಹದಿನೆಂಟು ತಿಂಗಳ ಕಾಲ ನಮ್ಮ ಅವ್ವನು ಹೊಗೆ ಕುಡಿದಳು. ಆದುದರಿಂದ ವಿಷಯವು ಸಣ್ಣದಾದರೂ ಅದರ ಕಥೆಯನ್ನು ಹೇಳುವುದು ನಮ್ಮ ಮೇಲಿನ ಸಾಲವೆಂದು ತಿಳಿದಿದ್ದೇವೆ.

ನಮ್ಮ ಮನೆ ಸವಣೂರಿನ ಸಮೀಪದ ಒಂದು ಹಳ್ಳಿಯಲ್ಲಿದೆ. ನಮ್ಮ ಅಕ್ಕನನ್ನು ಕೊಟ್ಟಿರುವುದು ಹಾನಗಲ್ಲಿಗೆ. ನಮ್ಮ ತಮ್ಮನು ಶಿಗ್ಗಾವಿಯಲ್ಲಿ ಅಂಗಡಿ ಇಟ್ಟುಕೊಂಡಿದ್ದಾನೆ. ಈ ಊರುಗಳೂ ಇವುಗಳ ನೆರೆಯ ಹಿರೇಕೆರೂರೂ ಈಗ ಹಾವೇರಿ ಜಿಲ್ಲೆಗೆ ಸೇರಿವೆ. ಆ ಜಿಲ್ಲೆಯು ಧಾರವಾಡ ಜಿಲ್ಲೆಯಿಂದ ಬೇರೆಯಾದದ್ದು 1997ರಲ್ಲಿ. ಸವಣೂರು ಮಾತ್ರ 1948ರ ವರೆಗೆ ನವಾಬರ ಪ್ರತ್ಯೇಕ ಸಂಸ್ಥಾನವಾಗಿತ್ತು. ಭೂಪಟದಲ್ಲಿ ಇವೆಲ್ಲವೂ ಒಂದಕ್ಕೊಂದು ಹತ್ತಿರ. ಆದರೆ ಮನೆಗಳನ್ನು ನೋಡುವವನಿಗೆ ಇವು ಒಂದೇ ಸೀಮೆಯೆಂದು ತೋರಲಾರವು. ಹಾನಗಲ್ಲು ಹಿರೇಕೆರೂರುಗಳ ಕಡೆ ಮಲೆನಾಡಿನ ಅಂಚು ತಾಗುತ್ತದೆ. ಮಳೆ ಹೆಚ್ಚು, ಭತ್ತದ ಗದ್ದೆಗಳುಂಟು. ಮನೆಗಳ ಮೇಲೆ ಇಳಿಜಾರಾದ ಹಂಚಿನ ಮಾಡು. ಅಲ್ಲಿಂದ ಮೂಡಲಿಗೆ ಬಂದಂತೆ ಮಳೆ ಕಡಮೆಯಾಗುತ್ತದೆ, ನೆಲ ಕಪ್ಪಾಗುತ್ತದೆ, ಜೋಳ ಹತ್ತಿಗಳು ಕಾಣಿಸುತ್ತವೆ. ಮಾಡು ಚಪ್ಪಟೆಯಾಗಿ ಮಣ್ಣಿನ ಮಾಳಿಗೆಯಾಗುತ್ತದೆ. ತೊಲೆಗಳ ಮೇಲೆ ಜಂತೆ, ಜಂತೆಗಳ ಮೇಲೆ ಹಲಗೆ ಅಥವಾ ಕಡ್ಡಿ, ಅದರ ಮೇಲೆ ಮೊಳದಷ್ಟು ಮಣ್ಣು. ಬೇಸಗೆಯಲ್ಲಿ ಇಂಥ ಮನೆಯೊಳಗಿನ ತಂಪನ್ನು ಬಲ್ಲವರೇ ಬಲ್ಲರು.

ಆದರೆ ಈ ಮಾಳಿಗೆಗೆ ಒಂದು ದೋಷವಿದೆ. ಹಾನಗಲ್ಲಿನ ನಮ್ಮ ಅಕ್ಕನ ಮನೆಯಲ್ಲಿ ಒಲೆಯ ಹೊಗೆಯು ಹಂಚುಗಳ ಸಂದಿನಿಂದ ತಾನಾಗಿಯೇ ಹೊರಗೆ ಹೋಗುತ್ತದೆ. ಮುಂಜಾನೆ ದೂರದಿಂದ ನೋಡಿದರೆ ಮಾಡೇ ಉಸಿರಾಡುವಂತೆ ತೋರುತ್ತದೆ. ಮಣ್ಣಿನ ಮಾಳಿಗೆಗೆ ಆ ಸಂದುಗಳಿಲ್ಲ. ಒಳಗಿನ ಹೊಗೆ ಹೊರಗೆ ಹೋಗಬೇಕಾದರೆ ನೆತ್ತಿಯ ಮೇಲೆ ಬೆಳಕಿಂಡಿ ಇರಬೇಕು, ಇಲ್ಲವೆ ಗೋಡೆಯ ಮೇಲ್ಭಾಗದಲ್ಲಿ ಗವಾಕ್ಷಿ ಇರಬೇಕು. ಬೆಳಕಿಂಡಿಯನ್ನು ಮಳೆ ಬಂದಾಗ ಮಾಳಿಗೆ ಹತ್ತಿ ಮುಚ್ಚಬೇಕಾಗುತ್ತದೆ. ನಮ್ಮ ಅಜ್ಜನಿಗೆ ಈ ಹತ್ತಿಳಿಯುವ ಕೆಲಸ ಬೇಸರವಾಗಿತ್ತಂತೆ. ಅವನು ಯಾವುದೋ ವ್ಯಾಜ್ಯದ ಸಲುವಾಗಿ ಧಾರವಾಡಕ್ಕೆ ಹೋಗಿದ್ದಾಗ ಒಂದು ಬಂಗಲೆಯಲ್ಲಿ ಮೇಲಕ್ಕೂ ಕೆಳಕ್ಕೂ ಸರಿಯುವ ಕಿಟಕಿಯನ್ನು ಕಂಡು ಬಂದನಂತೆ. ಊರಿಗೆ ಬಂದವನೆ ಬಡಿಗೇರನನ್ನು ಕರೆಸಿ ಅಡಿಗೆಯ ಮನೆಯ ಗೋಡೆಯಲ್ಲಿ, ಆಳಿನೆತ್ತರಕ್ಕಿಂತ ಸ್ವಲ್ಪ ಮೇಲೆ, ಒಂದು ಮೊಳ ಚೌಕದ ಗವಾಕ್ಷಿಯನ್ನು ತೆಗೆಸಿದನು. ಅದಕ್ಕೆ ತೇಗದ ಒಂದು ಹಲಗೆ. ಹಲಗೆಯು ಎರಡು ಪಕ್ಕದ ಗಾಡಿಗಳೊಳಗೆ ಏರಿಳಿಯುತ್ತದೆ. ಹಲಗೆಯ ತಲೆಗೆ ಹಗ್ಗ ಕಟ್ಟಿ, ತೊಲೆಯ ಕೆಳಗಿನ ಚಿಕ್ಕ ಗಡಗಡೆಯ ಮೇಲೆ ಹಾಯಿಸಿ, ಹಗ್ಗದ ಇನ್ನೊಂದು ತುದಿಗೆ ಹೊಳೆಯ ಗುಂಡುಕಲ್ಲೊಂದನ್ನು ತೂಗುಬಿಟ್ಟಿದ್ದನು. ಕಲ್ಲನ್ನು ಕೈಯಿಂದ ಕೆಳಕ್ಕೆ ಜಗ್ಗಿದರೆ ಹಲಗೆ ಮೇಲೇರುವುದು, ಹೊಗೆ ಹೋಗುವುದು. ಕಲ್ಲನ್ನು ಮೇಲಕ್ಕೆ ಒತ್ತಿದರೆ ಹಲಗೆ ಇಳಿಯುವುದು, ಮಳೆಯ ಎರಚಲು ನಿಲ್ಲುವುದು. ಎಲ್ಲಿ ಬಿಟ್ಟರೆ ಅಲ್ಲಿ ನಿಲ್ಲುವುದು. ಬಾಲ್ಯದಲ್ಲಿ ಅದು ನಮಗೆ ಆಟದ ಸಾಮಾನಾಗಿತ್ತು. ಅದು ಏಕೆ ನಿಲ್ಲುತ್ತದೆ ಎಂದು ಕೇಳುವ ಬುದ್ಧಿ ಆಗಲೂ ಬರಲಿಲ್ಲ, ಇಂಗ್ಲಿಷು ಓದಿ ಪದವಿ ಪಡೆದ ಮೇಲೂ ಬರಲಿಲ್ಲ.

ಎರಡು ವರ್ಷಗಳ ಹಿಂದಿನ ದೀಪಾವಳಿಯ ಹೊತ್ತಿಗೆ ಆ ಹಗ್ಗ ಹರಿಯಿತು. ಹಲಗೆಯು ದಡಕ್ಕನೆ ಕೆಳಗಿಳಿದು ಕುಳಿತಿತು. ಕಲ್ಲು ಮೂಲೆಗೆ ಉರುಳಿತು. ಯಾರಿಗೂ ಗಾಯವಾಗಲಿಲ್ಲ. ಹಬ್ಬಕ್ಕೆ ಬಂದಿದ್ದ ನಾವೆಲ್ಲರೂ ಅಲ್ಲಿಯೇ ಇದ್ದೆವು. "ಹಬ್ಬ ಮುಗಿದ ಮೇಲೆ ಬಡಿಗೇರನನ್ನು ಕರೆಯಿಸಿದರಾಯಿತು" ಎಂದೆವು. ಹಬ್ಬ ಮುಗಿಯಿತು, ನಾವು ಕಾಲೇಜಿಗೆ ಹಿಂದಿರುಗಿದೆವು, ತಮ್ಮನು ಶಿಗ್ಗಾವಿಗೆ ಹೋದನು. ಬಡಿಗೇರನು ಒಮ್ಮೆ ಬಂದು ನೋಡಿ, ಇಂಥ ಹಳೆಯ ಸಾಮಾನಿನ ಕೆಲಸವನ್ನು ಈಗ ಯಾರೂ ಮಾಡುವುದಿಲ್ಲವೆಂದು ಹೇಳಿ ಹೋದನಂತೆ. ತಮ್ಮನು ಹಲಗೆಯನ್ನು ಕಿತ್ತು, ಗೋಡೆಯನ್ನು ಇನ್ನಷ್ಟು ಒಡೆದು, ಅಲ್ಯೂಮಿನಿಯಮ್ ಚೌಕಟ್ಟಿನ ಗಾಜಿನ ಕಿಟಕಿಯನ್ನು ಕೂರಿಸೋಣವೆಂದನು. ನಾವು ಹಳೆಯದನ್ನು ಕೆಡಿಸಬಾರದೆಂದೆವು. ಹೀಗೆ ಇಬ್ಬರು ಅಣ್ಣತಮ್ಮಂದಿರೂ ದೂರವಾಣಿಯಲ್ಲಿ ಬಹಳ ಸೊಗಸಾಗಿ ಚರ್ಚೆ ಮಾಡಿದೆವು. ಗವಾಕ್ಷಿ ಮಾತ್ರ ಮುಚ್ಚಿಯೇ ಇತ್ತು.

ಅಡಿಗೆಗೆ ಅನಿಲದ ಒಲೆ ಇಲ್ಲವೆ ಎಂದು ನೀವು ಕೇಳಬಹುದು. ಇದೆ. ಚಹಕ್ಕೂ ಪಲ್ಯಕ್ಕೂ ಅದೇ ಸಾಕು. ಆದರೆ ಜೋಳದ ರೊಟ್ಟಿಯನ್ನು ಕಟ್ಟಿಗೆಯ ಉರಿಯ ಮೇಲಲ್ಲದೆ ಬೇರೆ ಕಡೆ ಬೇಯಿಸಲು ನಮ್ಮ ಅವ್ವನು ಒಪ್ಪುವುದಿಲ್ಲ. ಮಕ್ಕಳಾದ ನಾವೂ ಊರಿಗೆ ಹೋದಾಗ ಆ ರೊಟ್ಟಿಯನ್ನೇ ಕೇಳುತ್ತೇವೆ. ಬರುವಾಗ ಒಂದು ಗಂಟು ಕಟ್ಟಿಸಿಕೊಂಡೂ ಬರುತ್ತೇವೆ. ಮನೆಯೊಳಗಿನ ಒಲೆಯ ಹೊಗೆಯು ಸಾಮಾನ್ಯವಾದ ವಸ್ತುವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಮೇರೆಗೆ 2020ನೆಯ ಇಸವಿಯೊಂದರಲ್ಲಿಯೇ ಈ ಬಗೆಯ ಹೊಗೆಯ ದೆಸೆಯಿಂದ ಪ್ರಪಂಚದಲ್ಲಿ ಸುಮಾರು 32 ಲಕ್ಷ ಜನ ಮರಣ ಹೊಂದಿದರು. ಈ ಅಂಕಿಯನ್ನು ನಾವು ವರ್ತಮಾನಪತ್ರಿಕೆಯಲ್ಲಿ ಓದಿ ಮರುಗಿದ್ದೆವು. ನಮ್ಮ ಮನೆಯ ಒಲೆಗೂ ಅದಕ್ಕೂ ಸಂಬಂಧವಿದೆಯೆಂದು ಆ ದಿನ ತೋರಲಿಲ್ಲ.

ಅವ್ವನು ಸುಮ್ಮನೆ ಕೂಡ್ರುವವಳಲ್ಲ. ಮಣೆಯ ಮೇಲೆ ಮಣೆ ಇಟ್ಟು, ಹತ್ತಿ ನಿಂತು, ಹಲಗೆಯನ್ನು ಎತ್ತಿ, ಕೆಳಗೆ ಒಂದು ಕೋಲನ್ನು ಆನಿಸಿ, ದಿನವೂ ಗವಾಕ್ಷಿಯನ್ನು ತೆರೆಯುತ್ತಿದ್ದಳಂತೆ. ಒಂದು ದಿನ ಆ ಕೋಲು ಜಾರಿತು. ಹಲಗೆ ಬಿದ್ದಿತು. ಕೈಯನ್ನು ಹಿಂದಕ್ಕೆಳೆದುಕೊಳ್ಳುವ ಭರದಲ್ಲಿ ಅವ್ವನು ಮಣೆಯಿಂದ ಕೆಳಕ್ಕೆ ಬಿದ್ದಳು. ಎಪ್ಪತ್ತು ದಾಟಿದ ಜೀವ. ದೈವಕೃಪೆಯಿಂದ ಮುರಿಯಲಿಲ್ಲ, ಮುಂಗೈ ಉಳುಕಿತು. ಈ ಸುದ್ದಿ ನಮಗೆ ತಿಳಿದದ್ದು ಎರಡು ತಿಂಗಳ ಮೇಲೆ, ಅದೂ ಅಕ್ಕನ ಬಾಯಿಂದ. ಅಲ್ಲಿಂದ ಮುಂದೆ ಅವ್ವನು ಗವಾಕ್ಷಿಯನ್ನು ತೆರೆಯುವುದನ್ನೇ ಬಿಟ್ಟಳು. ದೂರವಾಣಿಯಲ್ಲಿ ಮಾತನಾಡುವಾಗ ಅವಳ ಕೆಮ್ಮು ನಮಗೆ ಕೇಳಿಸುತ್ತಿತ್ತು. "ಥಂಡಿ ಆಗೈತೇಳು" ಎನ್ನುತ್ತಿದ್ದಳು. ನಾವೂ ನಂಬುತ್ತಿದ್ದೆವು, ನಂಬುವುದು ಸುಲಭವಾಗಿತ್ತು.

ಇಲ್ಲಿ ಕಥೆಯು ಒಮ್ಮೆ ಸಮುದ್ರವನ್ನು ದಾಟಬೇಕಾಗಿದೆ. ನಾವು ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸುವವರು. ಲಾರೆನ್ಸ್ ಸ್ಟರ್ನ್ ಎಂಬಾತನು 1759ರಿಂದ ಮೊದಲ್ಗೊಂಡು ಸಂಪುಟ ಸಂಪುಟವಾಗಿ ಪ್ರಕಟಿಸಿದ 'ಟ್ರಿಸ್ಟ್ರಮ್ ಶ್ಯಾಂಡಿ' ಎಂಬ ಕಾದಂಬರಿಯಲ್ಲಿ ಏರಿಳಿಯುವ ಕಿಟಕಿಯೊಂದರ ಪ್ರಸಂಗವಿದೆ. ಕಿಟಕಿಯು ಹಠಾತ್ತನೆ ಕೆಳಗೆ ಬಿದ್ದು ಐದು ವರ್ಷದ ಹುಡುಗನಿಗೆ ಗಾಯವಾಗುತ್ತದೆ. ವಿಚಾರಿಸಿ ನೋಡಿದರೆ, ಒಬ್ಬ ಸೇವಕನು ಆಟದ ಕೋಟೆಗೆ ಪುಟ್ಟ ಫಿರಂಗಿಗಳನ್ನು ಎರಕ ಹೊಯ್ಯುವುದಕ್ಕಾಗಿ ಆ ಕಿಟಕಿಯೊಳಗಿನ ಸೀಸದ ಗುಂಡುಗಳನ್ನು ಬಿಚ್ಚಿಕೊಂಡು ಹೋಗಿರುತ್ತಾನೆ. ತರಗತಿಯಲ್ಲಿ ಈ ಭಾಗ ಬಂದಾಗ ಹಿರೇಕೆರೂರು ಕಡೆಯ ಒಬ್ಬ ವಿದ್ಯಾರ್ಥಿಯು ಎದ್ದು ನಿಂತು, "ಗುಂಡು ತೆಗೆದರೆ ಕಿಟಕಿ ಏಕೆ ಬೀಳಬೇಕು, ಸರ್?" ಎಂದು ಕೇಳಿದ್ದನು. ನಾವು, "ಅದು ಇಂಗ್ಲೆಂಡಿನ ಒಂದು ಬಗೆಯ ಕಿಟಕಿ" ಎಂದು ಹೇಳಿ ಪುಟ ಮಗುಚಿದೆವು. ನಮ್ಮ ಅಡಿಗೆಯ ಮನೆಯಲ್ಲಿಯೇ ಅದರ ಉತ್ತರವು ತೂಗುತ್ತಿತ್ತೆಂಬುದು ನಮಗೆ ಹೊಳೆಯಲಿಲ್ಲ.

ಆ ಹುಡುಗನು ಈಗ ಉದ್ಯೋಗನಿಮಿತ್ತವಾಗಿ ಸಂಸಾರಸಮೇತ ಇಂಗ್ಲೆಂಡಿನಲ್ಲಿದ್ದಾನೆ. ವಾಸ ಒಂದು ಹಳೆಯ ಮನೆಯಲ್ಲಿ. ಕಳೆದ ವರ್ಷ ಅವನಿಂದ ಒಂದು ದೀರ್ಘವಾದ ಪತ್ರ ಬಂದಿತು. ಅವನ ಮನೆಯ ಕಿಟಕಿಯ ಹಗ್ಗ ಹರಿದಿತ್ತು. ಕೂಲಿ ಕೊಟ್ಟು ಮಾಡಿಸುವುದು ದುಬಾರಿಯೆಂದು ತಿಳಿದು, ಪುಸ್ತಕ ನೋಡಿಕೊಂಡು ತಾನೇ ಸರಿಮಾಡಿದನಂತೆ. ಮಾಡುವಾಗ ನಮ್ಮ ತರಗತಿ ನೆನಪಾಯಿತಂತೆ. "ಸರ್, ಅಂದು ನಾನು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು, ಅದು ನಮ್ಮೂರ ಬಾವಿಯ ಗಡಗಡೆಯೇ" ಎಂದು ಬರೆದಿದ್ದನು.

ಅವನು ಬರೆದ ವಿವರವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಈ ಬಗೆಯ ಕಿಟಕಿಯು ಇಂಗ್ಲೆಂಡಿನಲ್ಲಿ ಹದಿನೇಳನೆಯ ಶತಮಾನದ ಕೊನೆಯಿಂದ ಬಳಕೆಗೆ ಬಂದಿತು. ಒಂದರ ಹಿಂದೆ ಒಂದಾಗಿ ಎರಡು ಗಾಜಿನ ಚೌಕಟ್ಟುಗಳು. ಒಂದು ಮೇಲಿನದು, ಒಂದು ಕೆಳಗಿನದು. ಪ್ರತಿಯೊಂದು ಚೌಕಟ್ಟಿಗೂ ಎಡಕ್ಕೊಂದು ಬಲಕ್ಕೊಂದು ಹಗ್ಗ. ಹಗ್ಗವು ಗಡಗಡೆಯ ಮೇಲೆ ಹಾದು, ಪಕ್ಕದ ಮರದ ಪೆಟ್ಟಿಗೆಯೊಳಗೆ ಇಳಿಯುತ್ತದೆ. ಅಲ್ಲಿ, ಯಾರ ಕಣ್ಣಿಗೂ ಬೀಳದಂತೆ, ಕಬ್ಬಿಣದ ಅಥವಾ ಸೀಸದ ಗುಂಡು ತೂಗುತ್ತಿರುತ್ತದೆ. ಎರಡು ಗುಂಡುಗಳ ತೂಕ ಕೂಡಿ ಚೌಕಟ್ಟಿನ ತೂಕಕ್ಕೆ ಸರಿಸಮವಾಗಿರಬೇಕು. ಆಗ ಚೌಕಟ್ಟು ತಕ್ಕಡಿಯಂತೆ ಎಲ್ಲಿ ಬಿಟ್ಟರೆ ಅಲ್ಲಿ ನಿಲ್ಲುತ್ತದೆ. ಒಂದು ಮಗುವೂ ಅದನ್ನು ಎತ್ತಬಹುದು. ಹಗ್ಗ ಹರಿಯಿತೋ, ಆ ತೂಕವೆಲ್ಲ ಎತ್ತಿದವನ ಬೆರಳ ಮೇಲೆ ಬೀಳುತ್ತದೆ.

ಸರಿಮಾಡುವ ಕ್ರಮ ಹೀಗೆ. ಒಳಗಡೆಯ ಅಂಚುಪಟ್ಟಿಯನ್ನು ಮೆಲ್ಲಗೆ ಎಬ್ಬಿಸಿ ತೆಗೆದು, ಚೌಕಟ್ಟನ್ನು ಹೊರಕ್ಕೆ ಎಳೆದುಕೊಳ್ಳಬೇಕು. ಪಕ್ಕದ ಪೆಟ್ಟಿಗೆಯ ಕೆಳಭಾಗದಲ್ಲಿ ಒಂದು ಪುಟ್ಟ ಮುಚ್ಚಳವಿರುತ್ತದೆ. ಅದನ್ನು ತೆರೆದರೆ ಗುಂಡು ಕೈಗೆ ಸಿಗುತ್ತದೆ. ತೆಳುವಾದ ದಾರದ ತುದಿಗೆ ಬಾಗಿಸಿದ ಮೊಳೆಯೊಂದನ್ನು ಕಟ್ಟಿ ಗಡಗಡೆಯ ಮೇಲಿನಿಂದ ಪೆಟ್ಟಿಗೆಯೊಳಕ್ಕೆ ಇಳಿಬಿಡಬೇಕು. ಮೊಳೆಯ ಭಾರಕ್ಕೆ ದಾರವು ಕೆಳಗಿನ ಕಿಂಡಿಗೆ ಬರುತ್ತದೆ. ದಾರದ ಹಿಂದೆ ಹಗ್ಗವೂ ಬರುತ್ತದೆ. ಹಗ್ಗವನ್ನು ಗುಂಡಿಗೆ ಕಟ್ಟಿ, ಇನ್ನೊಂದು ತುದಿಯನ್ನು ಚೌಕಟ್ಟಿನ ಪಕ್ಕದ ಗಾಡಿಯಲ್ಲಿ ಮೊಳೆ ಹೊಡೆದು ಕೂರಿಸಬೇಕು. ಮೊಳೆಯನ್ನು ಹೆಚ್ಚು ಮೇಲೆ ಹೊಡೆಯಕೂಡದು. ಹೊಡೆದರೆ ಚೌಕಟ್ಟು ಏರಿದಾಗ ಆ ಮೊಳೆಯು ಗಡಗಡೆಗೆ ತಾಗಿ ತಡೆಯುತ್ತದೆ. ಒಂದು ಹಗ್ಗ ಹರಿದಿದ್ದರೆ ಉಳಿದ ಹಗ್ಗಗಳನ್ನೂ ಅದೇ ದಿನ ಬದಲಾಯಿಸುವುದು ಜಾಣತನ. ಅವುಗಳ ವಯಸ್ಸೂ ಅಷ್ಟೇ ಆಗಿರುತ್ತದೆ.

ಪತ್ರದ ಕೊನೆಯಲ್ಲಿ ಅವನು ಮತ್ತೊಂದು ಸಂಗತಿಯನ್ನು ಬರೆದಿದ್ದನು. ಇಂಗ್ಲೆಂಡಿನಲ್ಲಿ 1696ರಿಂದ 1851ರ ವರೆಗೆ ಕಿಟಕಿಗಳ ಎಣಿಕೆಯ ಮೇಲೆ ಸರಕಾರವು ತೆರಿಗೆ ಹಾಕುತ್ತಿತ್ತಂತೆ. ತೆರಿಗೆಯನ್ನು ತಪ್ಪಿಸಿಕೊಳ್ಳಲು ಜನರು ಎಷ್ಟೋ ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿಬಿಟ್ಟರಂತೆ. ಹಾಗೆ ಮುಚ್ಚಿದ ಕಿಟಕಿಗಳನ್ನು ಈಗಲೂ ಬೀದಿಗಳಲ್ಲಿ ಕಾಣಬಹುದಂತೆ. ಇದನ್ನು ಓದಿದಾಗ ನಮಗೆ ನಾಚಿಕೆಯಾಯಿತು. ನಮ್ಮ ಮನೆಯ ಕಿಟಕಿಯನ್ನು ಯಾವ ಸರಕಾರವೂ ಮುಚ್ಚಿಸಿರಲಿಲ್ಲ.

ಮುಂದಿನ ಬೇಸಗೆಯ ರಜೆಯಲ್ಲಿ, ಮೃಗಶಿರಾ ಮಳೆಗೆ ಇನ್ನೂ ಕೆಲವು ದಿನವಿರುವಾಗ, ನಾವು ಆ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಊರಿಗೆ ಹೋದೆವು. ಬಾಡ ಗ್ರಾಮವಿರುವುದು ಶಿಗ್ಗಾವಿ ತಾಲ್ಲೂಕಿನಲ್ಲಿ, ಕನಕದಾಸರ ಊರು. ಉಡುಪಿಯಲ್ಲಿ ಅವರ ಹೆಸರಿನ ಕಿಂಡಿಯೊಂದುಂಟು. ಅವರಿಗೆ ದರ್ಶನ ಕೊಡುವುದಕ್ಕಾಗಿ ಕೃಷ್ಣನು ಅತ್ತ ತಿರುಗಿದನೆಂದು ಜನರ ನಂಬಿಕೆ. ಒಂದು ಕಿಂಡಿಯನ್ನು ಇಷ್ಟು ಗೌರವಿಸುವ ನಾಡಿನವರಾದ ನಾವು ತಾಯಿಯ ತಲೆಯ ಮೇಲಿನ ಕಿಂಡಿಯನ್ನು ಮರೆತೆವಲ್ಲಾ ಎಂದು ದಾರಿಯುದ್ದಕ್ಕೂ ಯೋಚಿಸುತ್ತಿದ್ದೆವು.

ಮನೆಗೆ ಹೋಗಿ ಏಣಿಯನ್ನು ಹಾಕಿ, ಹಲಗೆಯನ್ನು ನೋಡಿ, ಪತ್ರವನ್ನು ನೋಡಿ, ಮತ್ತೆ ಹಲಗೆಯನ್ನು ನೋಡಿ, ಒಂದು ಗಂಟೆ ಕಳೆದೆವು. ಅವ್ವನು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಹಗ್ಗ ಹರದೈತಿ ಅಷ್ಟ, ತಮ್ಮಾ. ಕಿಡಕಿಗೇನಾಗೈತಿ?" ಎಂದಳು. ನಾವು ಸುಮ್ಮನಿದ್ದುದನ್ನು ಕಂಡು ಇನ್ನೊಂದು ಮಾತನ್ನೂ ಹೇಳಿದಳು. ಸವಣೂರಿನ ಮಠದಲ್ಲಿ ಆಫ್ರಿಕ ಮೂಲದ ಮೂರು ದೊಡ್ಡ ಹುಣಸೆಮರಗಳಿರುವುದು ನಿಮಗೆ ತಿಳಿದಿರಬಹುದು. ಬುಡವು ಒಂದು ಕೋಣೆಯಷ್ಟು ದಪ್ಪ. ಅವುಗಳಲ್ಲೊಂದು 2023ರ ಮಳೆಗಾಲದಲ್ಲಿ ಬುಡಸಹಿತ ಉರುಳಿತು. ಅದನ್ನು ಯಂತ್ರಗಳಿಂದ ಎತ್ತಿ ಮತ್ತೆ ನೆಟ್ಟರು. ಅವ್ವನು ಅದನ್ನು ನೆನೆದು, "ಬಿದ್ದ ಹುಣಸಿ ಮರಾನ ಎತ್ತಿ ನಿಲ್ಲಿಸ್ಯಾರ. ನೀ ಒಂದ್ ಹಲಗಿ ಎತ್ತಾಕ ಇಷ್ಟ್ ವಿಚಾರ ಮಾಡ್ತೀಯಲ್ಲಪಾ!" ಎಂದಳು. ಇದಕ್ಕೆ ಇಂಗ್ಲಿಷ್ ಸಾಹಿತ್ಯದಲ್ಲಿ ಉತ್ತರವಿರಲಿಲ್ಲ. ನಾವು ಏಣಿಯನ್ನು ಹತ್ತಿದೆವು.

ಮೊದಲು ಹಗ್ಗ ಎಲ್ಲಿ ಹರಿದಿದೆಯೆಂದು ನೋಡಿದೆವು. ಅದು ಹರಿದಿದ್ದುದು ಗಂಟಿನ ಬಳಿಯಲ್ಲಲ್ಲ. ಗಡಗಡೆಯ ಮೇಲೆ ಕೂಡುವ ಜಾಗದಲ್ಲಿ. ಗಡಗಡೆಯನ್ನು ಬೆರಳಿನಿಂದ ತಿರುಗಿಸಿದೆವು, ತಿರುಗಲಿಲ್ಲ. ವರುಷಗಳ ಹೊಗೆಯ ಜಿಡ್ಡೂ ತುಕ್ಕೂ ಸೇರಿ ಅದು ಬಿಗಿದುಹೋಗಿತ್ತು. ಗಾಲಿ ತಿರುಗದಿದ್ದರೆ ಹಗ್ಗವು ಅದರ ಮೇಲೆ ಉರುಳುವುದಿಲ್ಲ, ಉಜ್ಜುತ್ತದೆ. ದಿನಕ್ಕೆ ನಾಲ್ಕು ಬಾರಿ ಉಜ್ಜಿದ ಹಗ್ಗ ಎಷ್ಟು ಕಾಲ ಬಾಳೀತು? ಇದು ಎಲ್ಲರೂ ಗಮನಿಸಬೇಕಾದ ಅಂಶ. ಹರಿದದ್ದು ಹಗ್ಗ, ತಪ್ಪು ಗಡಗಡೆಯದು. ಗಡಗಡೆಯನ್ನು ಹಾಗೆಯೇ ಬಿಟ್ಟು ಹೊಸ ಹಗ್ಗ ಹಾಕಿದ್ದರೆ ಅದೂ ಅಲ್ಲಿಯೇ ಹರಿಯುತ್ತಿತ್ತು. ಗಡಗಡೆಯನ್ನು ಬಿಚ್ಚಿ, ಸೀಮೆಯೆಣ್ಣೆಯಲ್ಲಿ ನೆನೆಸಿ ತೊಳೆದು, ಅಚ್ಚಿಗೆ ಹರಳೆಣ್ಣೆ ಬಿಟ್ಟೆವು. ಅದು ಗುಯ್ಯೆಂದು ತಿರುಗಿತು.

ಹಲಗೆ ಓಡಾಡುವ ಗಾಡಿಗಳಲ್ಲಿ ಕಾಡಿಗೆ ಗಟ್ಟಿಯಾಗಿ ಕೂತಿತ್ತು. ಅದನ್ನು ಕೆರೆದು ತೆಗೆದು, ಮೇಣದ ಬತ್ತಿಯನ್ನು ಉಜ್ಜಿದೆವು. ಮರದ ಗಾಡಿಗೆ ಎಣ್ಣೆ ಹಚ್ಚಬಾರದು. ಎಣ್ಣೆಗೆ ಕಾಡಿಗೆ ಅಂಟಿ ಮತ್ತೆ ಬಿಗಿಯಾಗುತ್ತದೆ. ಆಮೇಲೆ ಹಗ್ಗದ ಆಯ್ಕೆ. ತೆಂಗಿನ ನಾರಿನ ಹಗ್ಗವು ಒರಟು. ಸಣ್ಣ ಗಡಗಡೆಯ ಮೇಲೆ ಮುರುಟಿ ನಾರು ಬಿಡುತ್ತದೆ. ನೈಲಾನ್ ಹಗ್ಗವು ಬಲವಾದುದಾದರೂ ನುಣುಪು; ಗಂಟು ಜಾರುತ್ತದೆ, ಭಾರಕ್ಕೆ ಹಿಗ್ಗುತ್ತದೆ. ಹೆಣೆದ ಹತ್ತಿಯ ಹಗ್ಗವೇ ಇಂಥ ಕೆಲಸಕ್ಕೆ ಉತ್ತಮವೆಂದು ಪತ್ರದಲ್ಲಿತ್ತು. ಹತ್ತಿಯ ಸೀಮೆಯಲ್ಲಿ ಹತ್ತಿಯ ಹಗ್ಗಕ್ಕೆ ಬರವೆ? ಸವಣೂರಿನ ಪೇಟೆಯಲ್ಲಿ ಸಿಕ್ಕಿತು. ಆರು ಮಿಲಿಮೀಟರು ದಪ್ಪ. ಎರಡು ಮಾರು ತಂದೆವು. ಹೊಸ ಹಗ್ಗವು ಭಾರ ಬಿದ್ದಾಗ ಸ್ವಲ್ಪ ಉದ್ದವಾಗುವುದರಿಂದ, ಅಳೆದು ಕತ್ತರಿಸುವ ಮೊದಲು ಅದಕ್ಕೆ ಕಲ್ಲು ಕಟ್ಟಿ ಒಂದು ರಾತ್ರಿ ತೊಲೆಗೆ ತೂಗುಹಾಕಿದೆವು.

ಅಜ್ಜನ ಗುಂಡುಕಲ್ಲಿಗಾಗಿ ಹುಡುಕಾಟವಾಯಿತು. ಅದು ದನದ ಕೊಟ್ಟಿಗೆಯ ಬಾಗಿಲಿಗೆ ಆತುಕೊಂಡು ಕುಳಿತಿತ್ತು. ಹಲಗೆಯನ್ನೂ ಕಲ್ಲನ್ನೂ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆವು. ಹಲಗೆ ನಾಲ್ಕು ಕಿಲೋಗ್ರಾಮಿಗೆ ತುಸು ಹೆಚ್ಚು. ಕಲ್ಲು ನಾಲ್ಕಕ್ಕೆ ತುಸು ಕಡಮೆ. ಇಂಗ್ಲೆಂಡಿನ ಕಿಟಕಿಯಲ್ಲಿಯೂ ಕೆಳಗಿನ ಚೌಕಟ್ಟಿಗೆ ಗುಂಡು ತುಸು ಹಗುರವಾಗಿರಬೇಕು, ಆಗ ಮುಚ್ಚಿದ್ದು ಮುಚ್ಚಿಯೇ ಇರುತ್ತದೆ ಎಂದು ಶಿಷ್ಯನು ಬರೆದಿದ್ದನು. ಅಕ್ಷರ ಬಾರದ ನಮ್ಮ ಅಜ್ಜನು ಇದನ್ನು ಹೊಳೆಯ ದಂಡೆಯಲ್ಲಿ ಕಲ್ಲನ್ನು ಕೈಯಲ್ಲಿ ಎತ್ತೆತ್ತಿ ನೋಡಿ ಆರಿಸಿರಬೇಕು.

ಮರುದಿನ ಬೆಳಿಗ್ಗೆ ಉದ್ದವನ್ನು ಗೊತ್ತುಮಾಡಿದೆವು. ಇದಕ್ಕೆ ನಿಯಮಗಳು ಎರಡು. ಹಲಗೆ ಪೂರ್ತಿ ಇಳಿದಾಗ ಕಲ್ಲು ಗಡಗಡೆಗೆ ಬಡಿಯಕೂಡದು, ಕೈಗೆ ಎಟುಕುವಂತಿರಬೇಕು. ಹಲಗೆ ಪೂರ್ತಿ ಏರಿದಾಗ ಕಲ್ಲು ಕೆಳಗೆ ಯಾವುದಕ್ಕೂ ತಾಗಕೂಡದು. ತಾಗಿದರೆ ಹಗ್ಗ ಸಡಿಲಾಗಿ ಗಡಗಡೆಯಿಂದ ತಪ್ಪುತ್ತದೆ. ಹಲಗೆಯ ಕೆಳಗೆ ಎರಡು ಗಟ್ಟಿಯಾದ ಆಧಾರಗಳನ್ನು ಕೊಟ್ಟು, ಏಣಿಯನ್ನು ತಮ್ಮನ ಕೈಯಲ್ಲಿ ಹಿಡಿಸಿ, ಮಕ್ಕಳನ್ನು ಹೊರಗೆ ಕಳುಹಿಸಿ, ಹಗ್ಗವನ್ನು ಕಟ್ಟಿದೆವು. ಆಧಾರಗಳನ್ನು ತೆಗೆದೆವು. ನಾವು ಹಾಕಿದ ಗಂಟು ಕಲ್ಲಿನ ಕಡೆಯಲ್ಲಿ ಮೆಲ್ಲಗೆ ಜಾರತೊಡಗಿತು. ಬಿಗಿದು ಕಟ್ಟಿದೆವು, ಮತ್ತೆ ಜಾರಿತು. ಮೂರನೆಯ ಬಾರಿ ಅವ್ವನು, "ಇತ್ತ ತಾ" ಎಂದು ಹಗ್ಗವನ್ನು ತೆಗೆದುಕೊಂಡಳು. ಕಲ್ಲನ್ನು ಮಡಿಲಲ್ಲಿ ಇಟ್ಟುಕೊಂಡು, ಬಾವಿಯ ಕೊಡಕ್ಕೆ ಹಾಕುವ ಕುಣಿಕೆಯನ್ನು ಎರಡು ಸುತ್ತು ಹಾಕಿ, ತುದಿಯನ್ನು ಹಿಂದಕ್ಕೆ ತಿರುವಿ ಎಳೆದಳು. ಅದು ಭಾರ ಬಿದ್ದಷ್ಟೂ ಬಿಗಿಯಾಗುವ ಕುಣಿಕೆ. ನಲವತ್ತು ವರ್ಷ ತುಂಬಿದ ಕೊಡಗಳನ್ನು ಸೇದಿದ ಕೈ ಅದು. ಉಳುಕಿದ ಮುಂಗೈ ಇನ್ನೂ ಸ್ವಲ್ಪ ಬಾತಿತ್ತು. ಗಂಟು ಜಾರಲಿಲ್ಲ.

ಆಗ ನಮಗೆ ತಿಳಿಯಿತು. ಈ ಕೆಲಸಕ್ಕೆ ಬೇಕಾದ ತಿಳಿವಳಿಕೆಯೆಲ್ಲವೂ ಹದಿನೆಂಟು ತಿಂಗಳು ಆ ಮನೆಯಲ್ಲಿಯೇ ಇತ್ತು. ಇಲ್ಲದಿದ್ದುದು ಏಣಿಯನ್ನು ಹತ್ತುವ ಒಂದು ಜೊತೆ ಕಾಲು, ಏಣಿಯನ್ನು ಹಿಡಿಯುವ ಒಂದು ಜೊತೆ ಕೈ. ಅವೆರಡೂ ನಗರಗಳಲ್ಲಿ ಕುಳಿತು, ಹಳೆಯ ಕಿಟಕಿ ಮೇಲೋ ಹೊಸ ಕಿಟಕಿ ಮೇಲೋ ಎಂದು ವಾದ ಮಾಡುತ್ತಿದ್ದವು. ಹೊಸ ಕಿಟಕಿಯನ್ನು ನಾವು ನಿಂದಿಸುವವರಲ್ಲ. ತಮ್ಮನು ಹೇಳಿದಂತೆ ಅಂದೇ ಹೊಸದನ್ನು ಹಾಕಿಸಿದ್ದರೂ ಅವ್ವನಿಗೆ ಗಾಳಿಯಾದರೂ ಸಿಗುತ್ತಿತ್ತು. ಹಳೆಯದನ್ನು ಉಳಿಸಬೇಕೆಂದು ಹೇಳಿದ ನಾವು ಅದನ್ನು ಉಳಿಸುವ ಕೆಲಸವನ್ನು ಮಾಡಲಿಲ್ಲ. ಹಳೆಯದರ ಮೇಲಿನ ಪ್ರೀತಿಯನ್ನು ಮಾತಿನಲ್ಲಿ ಹೇಳಿ, ಅದರ ಕಷ್ಟವನ್ನು ಅದರೊಳಗೆ ವಾಸಿಸುವವರಿಗೆ ಬಿಡುವುದು ನಮ್ಮಂಥ ಓದಿದವರಲ್ಲಿ ಕಾಣುವ ಒಂದು ದೋಷ. ನಮ್ಮ ಮಟ್ಟಿಗೆ ಅದನ್ನು ಒಪ್ಪಿಕೊಳ್ಳುತ್ತೇವೆ.

ಆ ದಿನ ಮಧ್ಯಾಹ್ನ ಅವ್ವನು ಒಲೆ ಹೊತ್ತಿಸಿದಳು. ಹಂಚಿನ ಮೇಲೆ ರೊಟ್ಟಿ ಹಾಕಿ, ಎಡಗೈಯಿಂದ ಕಲ್ಲನ್ನು ಕೆಳಕ್ಕೆ ಜಗ್ಗಿದಳು. ಹಿಂದೆ ತಿರುಗಿ ನೋಡಲಿಲ್ಲ. ಹಲಗೆ ಸದ್ದಿಲ್ಲದೆ ಏರಿತು. ಒಳಗೆ ಕವಿದಿದ್ದ ಹೊಗೆಯು ಗವಾಕ್ಷಿಯ ಕಡೆ ವಾಲಿ, ಹೊರಗಿನ ಬಿಸಿಲಿನಲ್ಲಿ ನೀಲಿಯಾಗಿ ಹೋಗತೊಡಗಿತು. ಅದೇ ದಾರಿಯಿಂದ ಬಿಸಿಲಿನ ಕೋಲೊಂದು ಒಳಗೆ ಬಂದು ಹಿಟ್ಟಿನ ಪರಾತದ ಮೇಲೆ ಬಿದ್ದಿತು. ನಾವು ಅಲ್ಲಿಯೇ ಕುಳಿತು ಊಟ ಮಾಡಿದೆವು. ಹಗ್ಗಕ್ಕೆ ಎಷ್ಟು ಬಿದ್ದಿತೆಂದು ತಮ್ಮನು ಕೇಳಿದನು. ಆ ಬೆಲೆಯನ್ನು ಹೇಳಲು ನಮಗೆ ಸಂಕೋಚವಾಯಿತು. ಒಂದು ಹೊತ್ತಿನ ಚಹಕ್ಕೆ ನಾವು ನಗರದಲ್ಲಿ ಅದಕ್ಕಿಂತ ಹೆಚ್ಚು ಕೊಡುತ್ತೇವೆ.

ಶ್ರೋತೃಗಳಲ್ಲಿ ಕೆಲವರು ಹಳೆಯ ಬಂಗಲೆಗಳಲ್ಲಿ ವಾಸವಾಗಿರಬಹುದು. ಎತ್ತರದಲ್ಲಿ ಹಗ್ಗ ಜಗ್ಗಿ ತೆರೆಯುವ ಗವಾಕ್ಷಿಗಳು ನಿಮ್ಮ ಮನೆಗಳಲ್ಲಿಯೂ ಶಾಲೆ ಕಚೇರಿಗಳಲ್ಲಿಯೂ ಇರಬಹುದು. ಇನ್ನು ಕೆಲವರ ತಂದೆತಾಯಿಗಳು ನಮ್ಮ ಅವ್ವನಂತೆ ಊರಿನ ಹಳೆಯ ಮನೆಯಲ್ಲಿರಬಹುದು. ಬರುವ ಮಳೆಗಾಲದ ಮೊದಲು ಒಮ್ಮೆ ತಲೆಯೆತ್ತಿ ನೋಡಿರಿ ಎಂಬುದಷ್ಟೇ ನಮ್ಮ ಬಿನ್ನಹ. ಹಗ್ಗದ ಎಳೆಗಳು ಗಡಗಡೆಯ ಬಳಿ ಬಿಚ್ಚಿಕೊಂಡಿದ್ದರೆ ಅದು ಹರಿಯುವವರೆಗೆ ಕಾಯಬೇಡಿರಿ. ಗಡಗಡೆ ತಿರುಗುತ್ತದೆಯೆ ನೋಡಿರಿ. ಅದಕ್ಕೆ ವರ್ಷಕ್ಕೊಮ್ಮೆ ಎರಡು ಹನಿ ಎಣ್ಣೆ ಬಿಡಿರಿ. ಏಣಿಯನ್ನು ಹತ್ತುವಾಗ ಕೆಳಗೆ ಒಬ್ಬರು ಹಿಡಿದುಕೊಳ್ಳಲಿ. ವಯಸ್ಸಾದವರಿಗೆ ಆ ಕೆಲಸವನ್ನು ಬಿಡಬೇಡಿರಿ.

ಹಿರೇಕೆರೂರಿನ ಶಿಷ್ಯನಿಗೆ ನಾವು ಉತ್ತರ ಬರೆದೆವು. ಅವನ ಪ್ರಶ್ನೆಗೆ ಅಂದು ಉತ್ತರ ಕೊಡದೆ ಹೋದುದಕ್ಕೆ ಕ್ಷಮೆ ಕೇಳಿ, ಈ ವರ್ಷದಿಂದ ಆ ಪುಟ ಬಂದಾಗ ಕಪ್ಪುಹಲ್ಲಗೆಯ ಮೇಲೆ ಒಂದು ಗಡಗಡೆಯನ್ನೂ ಒಂದು ಕಲ್ಲನ್ನೂ ಬರೆದು ತೋರಿಸುತ್ತಿದ್ದೇವೆಂದು ತಿಳಿಸಿದೆವು. ಅವ್ವನ ಕೆಮ್ಮು ಪೂರ್ತಿ ಹೋಗಿಲ್ಲ, ಆದರೆ ಕಡಮೆಯಾಗಿದೆ. ಮೊನ್ನೆ ದೂರವಾಣಿಯಲ್ಲಿ ಮಾತನಾಡುವಾಗ ಹಿಂದುಗಡೆ ಮಳೆಯ ಸದ್ದು ಕೇಳಿಸುತ್ತಿತ್ತು. "ನಿಂದರು, ಎರಚಲಾ ಬರಾಕ ಹತ್ತೈತಿ, ಕಿಡಕಿ ಇಳಿಸಿ ಬರ್ತೇನಿ" ಎಂದಳು. ಎರಡು ಕ್ಷಣಗಳಲ್ಲಿ ಹಿಂದಿರುಗಿ ಮಾತನ್ನು ಮುಂದುವರಿಸಿದಳು.